ಮೊದಲ ಮರಿ ನಿನ್ನದು

ಡೆಲ್ಲಾ ತಿರುಗಿ ನೋಡುವಷ್ಟರಲ್ಲಿ ಬಿಸ್ಕೆಟ್ ಆ ಅಪರಿಚಿತನ ಹೆಬ್ಬೆರಳಿಗೆ ಬಾಯಿ ಹಾಕಿಯಾಗಿತ್ತು.

"ಕೈ ಎಳ್ಕೋಬೇಡಿ..."

"ಇಲ್ಲ. ಎಳೆದ್ರೆ ಅದರ ಹಲ್ಲು ಮುರಿಯುತ್ತೆ, ಪಾಪ," ಎಂದ ಅವನು. ನಾಲ್ಕು ಅಡಿ ಉದ್ದದ ಸಾಕು ಹೆಬ್ಬಾವು ಕೈಯಲ್ಲಿ ಜೋತಾಡುತ್ತಿದ್ದರೂ ಅವನು ಅಲುಗಾಡಲಿಲ್ಲ.

ಡೆಲ್ಲಾ ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಹಾವಿನ ಮೂತಿಗೆ ತಣ್ಣೀರು ಬಿಟ್ಟಳು. ಬಿಸ್ಕೆಟ್ ನಿಧಾನವಾಗಿ ಹಿಡಿತ ಸಡಿಲಿಸಿತು.

"ವಾಸನೆಗೆ ಕಚ್ಚಿದೆ. ಇಲಿ ಮುಟ್ಟಿ ಬಂದ್ರಾ?"

"ನನ್ನ ಹಾವುಗಳಿಗೆ ಊಟ ಹಾಕಿ ನೇರ ಇಲ್ಲಿಗೇ ಬಂದೆ."

"ಹಾವು ಸಾಕೋರು ನೀವು. ಕೈ ತೊಳ್ಕೊಳ್ಳೋದು ಗೊತ್ತಿಲ್ವಾ?"

"ಗೊತ್ತಿದೆ. ಇವತ್ತು ಸ್ವಲ್ಪ ಗಾಬರಿಯಲ್ಲಿದ್ದೆ."

ಅವನ ಗಾಬರಿ ಹಾವಿನದಲ್ಲ, ತನ್ನನ್ನು ಕಾಣಲು ಬರುವುದರದು ಎಂದು ಡೆಲ್ಲಾಳಿಗೆ ತಿಳಿಯದೇ ಇರಲಿಲ್ಲ. ಆದರೂ ಮುಖ ಗಂಟಿಕ್ಕಿಕೊಂಡೇ ಇದ್ದಳು. ಒಹಾಯೊದ ಹೆಣ್ಣುಮಕ್ಕಳಲ್ಲಿ ಅವಳಷ್ಟು ಬಿಗುಮಾನದವಳನ್ನು ನಾನಂತೂ ಕಂಡಿಲ್ಲ!

ಆ ಅಪರಿಚಿತನ ಹೆಸರು ಎಮೆಟ್; ತನ್ನ ಗಂಡು ಹಾವು ಡ್ಯೂಕ್‌ನನ್ನು ಡೆಲ್ಲಾಳ ಬಿಸ್ಕೆಟ್ ಜೊತೆ ಬಿಡಲು ತಂದಿದ್ದ. ಹಾವು ಸಾಕುವವರಲ್ಲಿ ಇದಕ್ಕೊಂದು ಪದ್ಧತಿಯಿದೆ. ಮರಿಗಳಾದ ಮೇಲೆ ಗಂಡಿನ ಯಜಮಾನ ಮೊದಲ ಮರಿ ಆರಿಸಿಕೊಳ್ಳಬೇಕು, ಆಮೇಲೆ ಹೆಣ್ಣಿನವರು, ಹೀಗೆ ಸರದಿಯಂತೆ. ಆರಿಸಿಕೊಂಡ ಮರಿಯ ಒಳ್ಳೆಯದು ಕೆಟ್ಟದ್ದೆಲ್ಲ ಆರಿಸಿದವರದೇ.

ಆ ಚಳಿಗಾಲವೆಲ್ಲ ಎಮೆಟ್ ಡ್ಯೂಕ್‌ನನ್ನು ನೋಡುವ ನೆಪದಲ್ಲಿ ಬರುತ್ತಿದ್ದ. ಬಹುವಚನ ಯಾವಾಗ ಏಕವಚನವಾಯಿತೋ ಇಬ್ಬರಿಗೂ ನೆನಪಿಲ್ಲ. ಒಮ್ಮೆ ಕಾಫಿ ಕುಡಿಯುತ್ತಾ ಡೆಲ್ಲಾ ಯಾರಿಗೂ ಹೇಳದ ಮಾತೊಂದನ್ನು ಅವನಿಗೆ ಹೇಳಿಬಿಟ್ಟಳು. ಹಿಂದಿನ ವರ್ಷ ಬೆನ್ನು ಸೊಟ್ಟಗಿದ್ದ ಮರಿಯೊಂದನ್ನು ಉಳಿಸಲು ಹೋಗಿ, ಮೂರು ವಾರ ಬಾಯಿ ಬಿಡಿಸಿ ತಿನ್ನಿಸಿದ್ದಳು. ಅದು ನರಳಿ ನರಳಿ ಸತ್ತಿತ್ತು.

"ಮೊದಲ ದಿನವೇ ಡಾಕ್ಟರ್ ಹತ್ರ ಒಯ್ದು ನೋವಿಲ್ಲದೆ ಕಳಿಸಿಕೊಡಬೇಕಿತ್ತು. ನನ್ನ ಕೈಲಿ ಆಗ್ಲಿಲ್ಲ, ಎಮೆಟ್."

ಅವನು ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದಿದ್ದ.

ಬೇಸಿಗೆಯಲ್ಲಿ ಆರು ಮೊಟ್ಟೆಗಳೂ ಒಡೆದವು. ನಾಲ್ಕು ಕಂದು ಮರಿಗಳು, ಎರಡು ನೀಲಿಗಣ್ಣಿನ ಹಾಲುಬಿಳುಪು ಮರಿಗಳು. ಬಿಳಿಯವುಗಳಲ್ಲಿ ಒಂದು ನೇರವಾಗಿ, ಚೆಂದವಾಗಿತ್ತು. ಇನ್ನೊಂದರ ಬೆನ್ನು ಎರಡು ಕಡೆ ಮಡಿಸಿಕೊಂಡಿತ್ತು. ಹೊಟ್ಟೆಗೆ ಏನು ಹೋದರೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಮತ್ತೆ ಅದೇನಾ... ಡೆಲ್ಲಾ ಮರಿಗಳ ಡಬ್ಬಿಯನ್ನು ಎಮೆಟ್ ಕಡೆ ಸರಿಸಿದಳು.

"ಮೊದಲ ಮರಿ ನಿನ್ನದು. ಆರಿಸ್ಕೊ," ಎಂದಳು.

ಎಮೆಟ್ ಎಲ್ಲವನ್ನೂ ಒಮ್ಮೆ ನೋಡಿ ಸೊಟ್ಟ ಮರಿಯನ್ನು ಎತ್ತಿಕೊಂಡ.

"ಇದು."

"ತಮಾಷೆ ಮಾಡ್ತಿದ್ದೀಯಾ?"

"ಇಲ್ಲ."

ಡೆಲ್ಲಾಳ ಸಿಟ್ಟು ನೆತ್ತಿಗೇರಿತು. ಎಮೆಟ್ ತನ್ನ ಹಾವುಗಳ ವಿಡಿಯೊ ಮಾಡಿ ಹಾಕುವವನು. ನೋಡುವವರು ಸಾವಿರಾರು ಜನ.

"ಗೊತ್ತಾಯ್ತು ಬಿಡು. ಇದಕ್ಕೆ ದಿನಾ ತಿನ್ನಿಸೋ ವಿಡಿಯೊ ಹಾಕ್ತೀಯಾ, ಜನ ಕಣ್ಣೀರು ಹಾಕ್ತಾರೆ. ನಾನು ಹೇಳಿದ್ದೆಲ್ಲ ಕೇಳಿಯೂ... ನಿನ್ನಂಥವನ ಹತ್ರ ಮನಸ್ಸು ಬಿಚ್ಚಿದ್ದು ನನ್ನ ತಪ್ಪು."

ಅವನ ಮುಖ ಬಾಡಿತು. ಆದರೂ ಮರಿಯನ್ನು ಬಟ್ಟೆಯ ಚೀಲಕ್ಕೆ ಹಾಕಿ, ಅಂಗಿಯೊಳಗೆ ಬೆಚ್ಚಗಿಟ್ಟುಕೊಂಡು ಹೊರಟುಹೋದ.

ಒಂದು ಗಂಟೆ ಡೆಲ್ಲಾ ಶತಪಥ ಹಾಕಿದಳು. ಆ ಮರಿಯನ್ನು ನರಳಲು ಬಿಡಬಾರದು, ಅವನಿಂದ ಕಿತ್ತುಕೊಂಡಾದರೂ ಸರಿ! ಪಶುವೈದ್ಯೆ ಹಾರ್ಗಿಸ್‌ಗೆ ಫೋನ್ ಮಾಡಿದಳು.

"ಡಾಕ್ಟರ್, ಒಂದು ಸೊಟ್ಟ ಮರಿ ಇದೆ. ಇವತ್ತೇ ನೋವಿಲ್ಲದೆ..."

"ಎಮೆಟ್ ತಂದಿರೋದಾ? ಆಗಲೇ ಬಂದಿದ್ದಾನಲ್ಲ. ಮುಕ್ಕಾಲು ಗಂಟೆಯಿಂದ ಹೊರಗೆ ಟ್ರಕ್‌ನಲ್ಲಿ ಕೂತಿದ್ದಾನೆ, ಒಳಗೆ ಬರ್ತಾನೇ ಇಲ್ಲ."

ಡೆಲ್ಲಾ ಫೋನ್ ಇಟ್ಟು ಕಾರಿನ ಕೀಲಿ ಎತ್ತಿಕೊಂಡಳು. ಆರಿಸಿದವರದೇ ಒಳ್ಳೆಯದು, ಕೆಟ್ಟದ್ದು... ಎರಡನೇ ಸಲ ಅವಳು ಆ ತೀರ್ಮಾನವನ್ನು ಎದುರಿಸುವಂತಾಗಬಾರದೆಂದೇ ಎಮೆಟ್, ಎಲ್ಲಕ್ಕಿಂತ ಚೆಂದದ ಮರಿಯನ್ನು ಬಿಟ್ಟುಕೊಟ್ಟು ಇದನ್ನು ತೆಗೆದುಕೊಂಡಿದ್ದ! ಅವಳೋ ಬಾಯಿಗೆ ಬಂದಂತೆ ಅಂದಿದ್ದಳು.

ಆಸ್ಪತ್ರೆಯ ಅಂಗಳದಲ್ಲಿ ಅವನು ಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದ. ಕಣ್ಣು ಕೆಂಪಾಗಿತ್ತು.

"ಬಾಗಿಲವರೆಗೆ ಮೂರು ಸಲ ಹೋಗಿ ವಾಪಸ್ ಬಂದೆ. ನನ್ನ ಕೈಲೂ ಆಗ್ತಿಲ್ಲ, ಡೆಲ್ಲಾ."

"ಒಬ್ಬರ ಕೈಲಿ ಆಗೋದಲ್ಲ ಅದು," ಎಂದಳು ಅವಳು. "ಬಾ, ಒಟ್ಟಿಗೆ ಹೋಗೋಣ. ಅಂದಿದ್ದಕ್ಕೆಲ್ಲ ಕ್ಷಮಿಸು."

ಒಳಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮರಿ ಡೆಲ್ಲಾಳ ಅಂಗೈಯಲ್ಲಿತ್ತು, ಅವಳ ಅಂಗೈ ಎಮೆಟ್‌ನ ಅಂಗೈಯಲ್ಲಿತ್ತು. ಮರಿಗೆ ನೋವಾಗಲಿಲ್ಲ.

ಹೊರಗೆ ಬಂದು ಇಬ್ಬರೂ ಟ್ರಕ್‌ಗೆ ಒರಗಿ ನಿಂತರು.

"ಡ್ಯೂಕ್, ಬಿಸ್ಕೆಟ್ ಜೋಡಿ ಇನ್ನು ಬೇಡ," ಎಂದಳು ಡೆಲ್ಲಾ.

"ಬೇಡ. ಡ್ಯೂಕ್‌ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ." ಅವನು ನೆಲ ನೋಡಿದ. "ಹಾಗಾದ್ರೆ ನಿನ್ನ ಮನೆಗೆ ಬರೋಕೆ ನನಗೆ ನೆಪ ಇರಲ್ಲ."

"ಈಗ ಆರಿಸೋ ಸರದಿ ನಂದು. ಮರೆತ್ಯಾ?"

"ಆ ನೇರ ಬಿಳಿ ಮರಿ ತಾನೇ? ಧಾರಾಳವಾಗಿ ತಗೊ."

"ಅದು ನಿನಗೇ ಇರಲಿ. ನನಗೆ ನೀನು ಬೇಕು, ಎಮೆಟ್."

ಅವನು ತಲೆಯೆತ್ತಿ ಅವಳನ್ನು ನೋಡಿದ. ಮೆಲ್ಲಗೆ ಕೈ ಚಾಚಿದ.

"ಕೈ ತೊಳ್ಕೊಂಡಿದ್ದೀಯಾ?" ಎಂದಳು ಅವಳು, ಒದ್ದೆ ಕಣ್ಣಲ್ಲೇ ನಗುತ್ತಾ.

"ಎರಡು ಸಲ."

ಡೆಲ್ಲಾ ಆ ಕೈ ಹಿಡಿದುಕೊಂಡಳು.