ಹಿತ್ತಲ ಬಾಗಿಲಿನ ಟೀ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ದಾವಣಗೆರೆಯ ಆ ಠಾಣೆಗೆ ಮೊದಲು ಒಂದು ಕಪ್ಪು ಪೆಟ್ಟಿಗೆ ಬಂತು, ಅದರ ಹಿಂದೆ ಅದನ್ನು ಹೊತ್ತ ಮನುಷ್ಯ ಬಂದ. ಹೃದಯದ ಆಸ್ಪತ್ರೆಯ ಮ್ಯಾನೇಜರ್ ದಿನೇಶ್. ಅವನು ಸುರಿಸುತ್ತಿದ್ದ ಬೆವರನ್ನು ಭದ್ರಾ ನಾಲೆಗೆ ತಿರುಗಿಸಿದ್ದರೆ ಕೊನೇ ಊರಿನ ಗದ್ದೆಗೂ ನೀರು ಸಿಕ್ಕುತ್ತಿತ್ತು.

"ಟೀ ಕಳುವಾಗೈತೆ ಮೇಡಂ," ಎಂದ.

ಹೆಡ್ ಕಾನ್‌ಸ್ಟೆಬಲ್ ಪರಶುರಾಮ ಪೆನ್ನು ಕೆಳಗಿಟ್ಟ. "ಫ್ಲಾಸ್ಕ್ ಸಮೇತನಾ, ಬರೀ ಟೀನಾ?"

"ಲಕ್ಷಗಟ್ಟಲೆ ಬಾಳೋ ಟೀ ರೀ ಅದು!"

"ಅದ್ಯಾವ ಎಮ್ಮೆ ಹಾಲು ಹಾಕಿದ್ರಿ?"

ಇನ್‌ಸ್ಪೆಕ್ಟರ್ ಆಶಾರಾಣಿ ಹುಬ್ಬೇರಿಸಿದರು. ಆ ಹುಬ್ಬು ಏರಿದರೆ ಪಿ.ಬಿ. ರಸ್ತೆಯ ಆಟೋಗಳು ತಾವಾಗಿ ಮೀಟರ್ ಹಾಕಿಕೊಳ್ಳುತ್ತವೆ ಎಂಬ ಮಾತಿತ್ತು. ಪರಶುರಾಮ ಮತ್ತೆ ಪೆನ್ನು ಎತ್ತಿಕೊಂಡ. ದಿನೇಶ್ ಬಿಡಿಸಿ ಹೇಳಿದ. ಅದು ಒಂದು ಉದ್ದನೆಯ ಕಪ್ಪು ನಳಿಕೆ, ತುದಿಗೆ ಸಣ್ಣ ಕಣ್ಣು. ಹೃದಯದ ಆಪರೇಷನ್ ಇದ್ದಾಗ ರೋಗಿಗೆ ಅರಿವಳಿಕೆ ಕೊಟ್ಟು, ಗಂಟಲಿನಿಂದ ಅನ್ನನಾಳಕ್ಕೆ ಅದನ್ನು ಇಳಿಸುತ್ತಾರೆ. ಬಸುರಿಯರಿಗೆ ಸ್ಕ್ಯಾನ್ ಮಾಡುವ ಹಾಗೆಯೇ ಶಬ್ದದ ಅಲೆ ಬಿಟ್ಟು ಬಡಿಯುವ ಹೃದಯವನ್ನು ಪರದೆಯ ಮೇಲೆ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಅದರ ಹೆಸರು ಮೊಳದುದ್ದ. ಮೊದಲಕ್ಷರಗಳನ್ನು ಕೂಡಿಸಿ ಆಸ್ಪತ್ರೆಯವರೆಲ್ಲ ಟೀ ಅನ್ನುತ್ತಾರೆ.

"ಇಡೀ ಆಸ್ಪತ್ರೆಗೆ ಇರೋದು ಒಂದೇ. ನಮ್ಮ ಚೇರ್ಮನ್‌ರದ್ದು ಹುಬ್ಬಳ್ಳಿಯಾಗ ಇನ್ನೊಂದು ಆಸ್ಪತ್ರೆ ಐತೆ. ಅಲ್ಲೊಬ್ಬ ದೊಡ್ಡ ಮನುಷ್ಯರ ಆಪರೇಷನ್ ಅಂತ ನಿನ್ನೆ ಮಧ್ಯಾಹ್ನ ಕಾರಲ್ಲಿ ಕಳಿಸಿದ್ವಿ. ಅಲ್ಲಿ ಪೆಟ್ಟಿಗೆ ತೆಗೆದು ನೋಡಿದ್ರೆ..."

ಪೆಟ್ಟಿಗೆ ತೆರೆದ. ನಳಿಕೆ ಇರಬೇಕಾದ ಮೆತ್ತನೆಯ ಗುಂಡಿಯಲ್ಲಿ ಬಿಳೀ ಬಟ್ಟೆ ಹಾಸಿ ಸಜ್ಜೆ ರೊಟ್ಟಿ ಪೇರಿಸಿಟ್ಟಿತ್ತು. ಎಳ್ಳು ಹಚ್ಚಿದ ರೊಟ್ಟಿ. ಒಂದು ದಿನ ಕಳೆದರೂ ಅದರ ಘಮಕ್ಕೆ ಲಾಕಪ್ಪಿನಲ್ಲಿದ್ದ ಜೇಬುಗಳ್ಳ ಎದ್ದು ಕಂಬಿಗೆ ಮೂಗು ಹಚ್ಚಿದ.

ಪರಶುರಾಮ ಬರೆದುಕೊಂಡ. "ಸಜ್ಜೆ ರೊಟ್ಟಿ, ಮೇಲಿನದು ಅರ್ಧ ಮುರಿದದ್ದು. ಇದನ್ನ ಮುರಿದೋರು ಯಾರ್ರೀ?"

"ವಾಪಸ್ ಬರುವಾಗ ಡ್ರೈವರ್‌ಗೆ ಹಸಿವಾಗಿತ್ತಂತೆ," ಎಂದ ದಿನೇಶ್ ತಲೆ ತಗ್ಗಿಸಿ.

ಭಾರತೀಯ ನ್ಯಾಯ ಸಂಹಿತೆ ಕಲಂ 303(2)ರ ಕೆಳಗೆ ಎಫ್‌ಐಆರ್ ದಾಖಲಾಯಿತು. ರೊಟ್ಟಿಗೆ ಸೀಲು ಬಿತ್ತು.

"ಸಂಜೆಯೊಳಗೆ ಸಿಗಬೇಕಂತೆ ಮೇಡಂ. ಸಿಕ್ಕ ಕೂಡಲೇ ಹುಬ್ಬಳ್ಳಿಗೆ ಹೋಗಬೇಕು."

"ನಿಮ್ಮಲ್ಲಿ ಆಪರೇಷನ್ ಯಾವುದೂ ಇಲ್ವಾ?"

"ನಾಳೆ ಒಂದೈತೆ. ಅಂಕಿತಾ ಅಂತ, ಹರಿಹರದ ಹುಡುಗಿ. ವಾಲ್ವ್ ಸೋರ್ತೈತೆ. ಮುಂದಕ್ಕೆ ಹಾಕೋ ಸ್ಥಿತಿಯಾಗ ಇಲ್ಲ, ಉಸಿರಾಡಾಕ ಆಗ್ತಿಲ್ಲ. ಟೀ ಇಲ್ದೇನೇ ಮಾಡಿ ಅಂದಾರೆ ಚೇರ್ಮನ್ನರು."

ಆಶಾರಾಣಿ ಆ ಹೆಸರು ನೆನಪಿಟ್ಟುಕೊಂಡರು.

ಹನ್ನೆರಡು ಗಂಟೆಗೆ ಆಸ್ಪತ್ರೆಯಲ್ಲಿ ಸ್ಥಳ ಪಂಚನಾಮೆ. ಸೋಮವಾರ ಊಟದ ಹೊತ್ತಿನಲ್ಲಿ ಕಾರು ಬರುವ ತನಕ ಪೆಟ್ಟಿಗೆಯನ್ನು ಕೆಳಗಿನ ಬೆಂಚಿನ ಮೇಲೆ ಇಟ್ಟಿದ್ದರು. ಬೀಗವಿರಲಿಲ್ಲ, ಕಾವಲೂ ಇರಲಿಲ್ಲ. ಕ್ಯಾಮೆರಾ ಇತ್ತು, ಆದರೆ ಅದು ಬಿಲ್ ಕೌಂಟರಿನಿಂದ ಕಣ್ಣು ಕೀಳುವ ಪೈಕಿಯಲ್ಲ.

ಬೆಂಚಿನ ಸುತ್ತ ಕೂತಿದ್ದ ರೋಗಿಗಳ ಕಡೆಯವರನ್ನೆಲ್ಲ ಪರಶುರಾಮ ಸಾಲಾಗಿ ನಿಲ್ಲಿಸಿದ. ಕೇಳಿದ್ದು ಒಂದೇ ಪ್ರಶ್ನೆ: "ನಿನ್ನೆ ಮಧ್ಯಾಹ್ನ ಇಲ್ಲಿ ಟೀ ನೋಡಿದ್ರಾ?"

ಮಾಯಕೊಂಡದ ಮೈಲಪ್ಪ ಎಂಬ ರೈತ ರೇಗಿದ. "ಅದನ್ನ ಟೀ ಅಂತಾರೇನ್ರೀ? ಲೋಟ ತೊಳೆದ ನೀರು!"

ಭಾನುವಳ್ಳಿಯ ಹೆಂಗಸು ಹೇಳಿದಳು, "ನಾವು ಮನೆಯಿಂದ್ಲೇ ತರ್ತೀವಿ ಸಾರ್. ನಿಮಗೊಂದು ಲೋಟ ಕೊಡ್ಲಾ?"

ಪರಶುರಾಮ ಕೊಡಿ ಎಂದ. ಸಾಲು ಮುಂದುವರಿಯಿತು. ಕ್ಯಾಂಟೀನಿನ ಸಕ್ಕರೆ, ಹಾಲು, ಈಚಲು ಹುಳ, ಎಲ್ಲದರ ಮೇಲೂ ದೂರು ಬಂತು. ಕೊನೆಗೆ ಒಬ್ಬ ಮುದುಕಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಸೂಜಿಯಷ್ಟು ತೆಳ್ಳಗೆ, ಸೂಜಿಯಷ್ಟೇ ಚೂಪು. ಹರಿಹರದ ಬಸವಣ್ಣೆಮ್ಮ, ಅಂಕಿತಾಳ ಅತ್ತೆ.

"ಅಜ್ಜಿ, ಟೀ ನೋಡಿದ್ಯಾ?"

"ಆ ಕರೀ ಹಾವಿನಂಥದ್ದು ತಾನೇ? ನಾನ್ಯಾಕಪ್ಪ ನೋಡ್ಲಿ!"

ಟೀ ಹೀರುತ್ತಿದ್ದ ಪರಶುರಾಮನ ಕಿವಿಗೆ ಅದು ಬೀಳಲಿಲ್ಲ. ಗೋಡೆಗೆ ಒರಗಿದ್ದ ಆಶಾರಾಣಿಯ ಕಿವಿಗೆ ಬಿತ್ತು. ಊರಿಗೆಲ್ಲ ಕುಡಿಯುವ ಟೀ, ಈ ಮುದುಕಿಗೊಬ್ಬಳಿಗೆ ಹಾವು!

ಅವರು ನೇರವಾಗಿ ಬಾಗಿಲಿನ ಕಾವಲುಗಾರ ಹುಲಿಯಪ್ಪನ ಹತ್ತಿರ ಹೋದರು. ಹೆಸರಿಗೆ ಹುಲಿ, ಬೆಕ್ಕು ಸೀನಿದರೂ ಕುರ್ಚಿ ಬಿಟ್ಟು ಏಳುವವನು.

"ಹೊರಗೆ ಹೋಗೋರ ಚೀಲ ನೋಡ್ತೀಯಾ?"

"ಪ್ರತಿಯೊಂದೂ ನೋಡ್ತೀನಿ ಮೇಡಂ."

"ರೊಟ್ಟಿ ಬುಟ್ಟಿ?"

ಹುಲಿಯಪ್ಪ ಕೆನ್ನೆ ಬಡಿದುಕೊಂಡ. "ಅನ್ನದ ಬುಟ್ಟಿಗೆ ಕೈ ಹಾಕಬಾರದ್ರೀ. ನಮ್ಮವ್ವ ಕಲಿಸಿಲ್ಲ."

"ನಿನಗೆ ರೊಟ್ಟಿ ಯಾರು ಕೊಡ್ತಾರೆ?"

"ಬಸವಣ್ಣೆಮ್ಮಜ್ಜಿ. ದಿನಾ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ನಿನ್ನೆ ಮಾತ್ರ ಕೊಡ್ಲಿಲ್ಲ ನೋಡ್ರಿ. ಖಾಲಿ ಬುಟ್ಟಿನ ಒಂದು ಕೈಯಾಗ ಬೀಸ್ಕೋತ ಹೋಗಾಕಿ, ನಿನ್ನೆ ಎರಡೂ ಕೈಲಿ ಹಿಡ್ಕಂಡಿದ್ಲು, ಹಸಿ ಕೂಸು ಹಿಡ್ಕಂಡಂಗೆ. ನಾನು ಕರೆದ್ರೂ ತಿರುಗಿ ನೋಡ್ಲಿಲ್ಲ." ಅವನ ದನಿಯಲ್ಲಿ ಅನುಮಾನವಿರಲಿಲ್ಲ, ಬರೀ ಹಸಿವಿತ್ತು.

ಮೂರನೆಯ ಭೇಟಿ ಅರಿವಳಿಕೆಯ ಡಾಕ್ಟರ್ ಶಮೀಮ್. ಟೀ ಇಳಿಸುವುದೂ ಪರದೆ ನೋಡುವುದೂ ಅವರ ಕೆಲಸ.

"ಅದಿಲ್ಲದೆ ಆಪರೇಷನ್ ಮಾಡಬಹುದಾ ಡಾಕ್ಟರೇ?"

"ಮಾಡ್ತಾರೆ. ಆದರೆ ಈ ಹುಡುಗಿಯದು ವಾಲ್ವ್ ರಿಪೇರಿ. ಸರ್ಜನ್ ಹೊಲಿಯೋವಾಗ ಹೃದಯ ನಿಂತಿರುತ್ತೆ. ಮತ್ತೆ ಬಡಿಯೋಕೆ ಶುರು ಮಾಡಿದ ಮೇಲೇ ರಿಪೇರಿ ಸರಿಯಾಗಿದೆಯೋ, ಇನ್ನೂ ಸೋರ್ತಿದೆಯೋ ಗೊತ್ತಾಗೋದು. ಅನ್ನನಾಳ ಹೃದಯದ ಬೆನ್ನಿಗೇ ಇರುತ್ತಲ್ಲ, ಅಲ್ಲಿಂದ ಚೆನ್ನಾಗಿ ಕಾಣುತ್ತೆ. ಸೋರ್ತಿದ್ದರೆ ಎದೆ ಮುಚ್ಚೋ ಮೊದಲೇ ಸರಿ ಮಾಡಬಹುದು. ಟೀ ಬೇಕೇ ಬೇಕು ಅಂತ ಚೇರ್ಮನ್‌ಗೆ ಹೇಳಿ ಹೇಳಿ ನನ್ನ ಗಂಟಲು ಬತ್ತಿತು."

"ಇದನ್ನ ಅಂಕಿತಾಳ ಅತ್ತೆಗೂ ಹೇಳಿದ್ರಾ?"

"ಹೇಳದಿದ್ರೆ ಬಿಡ್ತಾರಾ? ಸೊಸೆಯ ಗಂಟಲಿಗೆ ಅದೇನು ಹಾಕ್ತೀರಿ, ತೋರಿಸ್ರಿ ಅಂತ ಹಟ ಹಿಡಿದ್ರು. ತೋರಿಸಿದೆ. ಹೆಂಗೆ ತೊಳೀತೀರಿ, ಎಲ್ಲಿಡ್ತೀರಿ, ಎಲ್ಲ ಕೇಳಿದ್ರು. ಮಡಚಿಡಬಾರದು ಅಜ್ಜಿ, ನೇತು ಹಾಕಬೇಕು, ಇಲ್ಲದಿದ್ರೆ ಕೆಡುತ್ತೆ ಅಂತ..."

ಶಮೀಮ್ ಅಲ್ಲಿಗೇ ನಿಲ್ಲಿಸಿ ಬಾಯಿಗೆ ಕೈ ಅಡ್ಡ ಇಟ್ಟರು. ಆಶಾರಾಣಿ ಆಗಲೇ ಜೀಪಿನ ಕಡೆ ನಡೆದಿದ್ದರು.

ಮುದುಕಿ ಹರಿಹರದ ಬಸ್ಸು ಹತ್ತಿ ಹೋಗಿಯಾಗಿತ್ತು. ನಾಲ್ಕು ಗಂಟೆಗೆ ಜೀಪು ಅವಳ ಮನೆ ಮುಂದೆ ನಿಂತಿತು. ಪಂಚರಾಗಿ ಪಕ್ಕದ ಮನೆಯ ಹಂಪವ್ವನನ್ನೂ ಎದುರಿನ ಅಂಗಡಿಯವನನ್ನೂ ಕರೆದರು. ಹಂಪವ್ವ ಸಂಭ್ರಮದಿಂದ ಬಂದಳು. ಆ ಮನೆಯೊಳಗೆ ಏನೇನಿದೆ ಎಂದು ನೋಡಲು ಅವಳು ಎಷ್ಟೋ ವರ್ಷದಿಂದ ಕಾಯುತ್ತಿದ್ದಳು.

"ಬರ್ರಿ, ಕೂಡ್ರಿ," ಎಂದಳು ಬಸವಣ್ಣೆಮ್ಮ. "ಮಜ್ಜಿಗೆ ಕುಡಿದು ಹುಡುಕ್ತೀರೋ, ಹುಡುಕಿ ಕುಡೀತೀರೋ?"

ಪರಶುರಾಮ ಹುಡುಕಿದ. ಟ್ರಂಕು, ಹಿಟ್ಟಿನ ಡಬ್ಬಿ, ಕೌದಿಯ ಗಂಟು, ಒಲೆಯ ಬೂದಿ. ಅವನ ಮೀಸೆ ಬೆಳ್ಳಗಾಯಿತು.

"ಇರುವೆ ಗೂಡೊಂದು ಉಳೀತಲ್ಲಪ್ಪ, ಅದನ್ನೂ ನೋಡಿಬಿಡು," ಎಂದಳು ಮುದುಕಿ.

ಆಶಾರಾಣಿ ನೆಲ ನೋಡಲೇ ಇಲ್ಲ. ನೇತು ಹಾಕಬೇಕು. ಕತ್ತೆತ್ತಿದರು. ಜಂತಿಯಲ್ಲಿ ಬೆಳ್ಳುಳ್ಳಿ ಗೊಂಚಲು, ಬೀಜದ ತೆನೆ, ನೆಲುವಿನ ಮೇಲೆ ಗಡಿಗೆ. ಅವುಗಳ ನಡುವೆ, ಗಾಳಿಗೂ ಅಲುಗದ ಹಾಗೆ, ಬಿಳೀ ಧೋತ್ರ ಸುತ್ತಿದ ಉದ್ದನೆಯದೊಂದು ಇಳಿಬಿದ್ದಿತ್ತು.

"ಇಳಿಸಪ್ಪ ಪರಶುರಾಮ. ಎರಡೂ ಕೈಲಿ."

"ಹೂಂ, ಹುಷಾರು!" ಎಂದು ಕೂಗಿದ್ದು ಬಸವಣ್ಣೆಮ್ಮ. "ತುದಿ ಗೋಡೆಗೆ ತಾಗ್ಸಿದಿ ಅಂದ್ರೆ ನಿನ್ನ ಕಣ್ಣು ಕಿತ್ತು ಅದಕ್ಕೆ ಹಾಕ್ತೀನಿ!"

ಪಂಚನಾಮೆ ಬರೆಯುವಾಗ ಆಶಾರಾಣಿ ಕೇಳಿದರು, "ಯಾಕ ಕದ್ದೆ ಅಜ್ಜಿ?"

"ಕದಿಯೋಳು ಊರು ಬಿಟ್ಟು ಒಯ್ತಾಳೆ. ಊರು ಬಿಟ್ಟು ಒಯ್ದೋರು ಯಾರು? ನಾನು ಹಿಡಿದಿಟ್ಟೀನಿ. ನಾಳೆ ಬೆಳಿಗ್ಗೆ ನಾನೇ ಆಪರೇಷನ್ ಬಾಗಿಲಾಗ ಶಮೀಮವ್ವನ ಕೈಗೆ ಕೊಡ್ತಿದ್ದೆ."

"ಅಲ್ಲಿ ಹುಬ್ಬಳ್ಳಿಯಲ್ಲೂ ಒಬ್ಬ ರೋಗಿ ಮಲಗಿದ್ದ."

"ಅವನಿಗೆ ಇವತ್ತೇ ಬೆಂಗಳೂರಿಂದ ಇನ್ನೊಂದು ಬಂತಂತೆ, ದವಾಖಾನಿಯಾಗ ಎಲ್ಲಾರೂ ಅಂದ್ರು. ನನ್ನ ಸೊಸಿಗೆ ಯಾವ ಊರಿಂದ ಬರ್ತಿತ್ತು, ಹೇಳು? ಎದಿ ಅಂದ್ರೆ ಮನಿ ಇದ್ದಂಗೆ ತಾಯಿ. ಮುಂಬಾಗಿಲಾಗ ನಿಂತ್ರೆ ಎಲ್ಲಾ ಚೆಂದ ಐತೆ ಅಂತಾರೆ. ಹಿತ್ತಲ ಬಾಗಿಲಾಗ ಇಣುಕಿದ್ರೇನೇ ಸೋರೋದು ಕಾಣೋದು. ಈ ಹಂಪವ್ವನ್ನ ಕೇಳು ಬೇಕಾದ್ರೆ."

ಹಂಪವ್ವ ಮುಖ ತಿರುಗಿಸಿದಳು.

ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ಐದು ಗಂಟೆಗೇ ದಸ್ತಗಿರಿ ಆಯಿತು. ಬಸವಣ್ಣೆಮ್ಮ ಹೊಸ ಸೀರೆ ಉಟ್ಟು, ಬೀದಿಯವರಿಗೆಲ್ಲ ಕೇಳುವಂತೆ, "ಜೀಪು ಬಂದೈತೆ, ಹೋಗಿ ಬರ್ತೀನಿ," ಎಂದು ಹೇಳಿ ಮುಂದಿನ ಸೀಟಿನಲ್ಲೇ ಕೂತಳು. ಪರಶುರಾಮ ಹಿಂದೆ ಹೋದ.

ದಾರಿಯಲ್ಲಿ ಚೇರ್ಮನ್ನರ ಫೋನು. ದನಿ ಜೀಪಿನ ಗಾಜು ನಡುಗುವಷ್ಟಿತ್ತು. "ಸಿಕ್ತಂತಲ್ಲ! ಬೆಂಗಳೂರಿಂದ ತರಿಸಿದ್ದನ್ನ ವಾಪಸ್ ಕೊಡಬೇಕು, ಇದನ್ನ ಈ ರಾತ್ರಿಯೇ ಹುಬ್ಬಳ್ಳಿಗೆ ಕಳಿಸಿ. ಇನ್ಮೇಲೆ ಅದು ಅಲ್ಲೇ ಇರಲಿ."

"ಆಗಲ್ಲ ಸರ್. ಅದೀಗ ಕೇಸಿನ ಮುದ್ದೆಮಾಲು. ಕೋರ್ಟು ಕೇಳಿದಾಗ ತಂದು ಹಾಜರುಪಡಿಸ್ತೀವಿ ಅಂತ ಮುಚ್ಚಳಿಕೆ ಬರೆದುಕೊಟ್ರೆ ನಿಮ್ಮ ದಾವಣಗೆರೆ ಆಸ್ಪತ್ರೆಗೇ ಒಪ್ಪಿಸ್ತೀನಿ. ಅಲ್ಲಿ ಬಳಸಿ. ಊರು ದಾಟಿಸಬೇಕಂದ್ರೆ ಕೋರ್ಟಿನ ಅಪ್ಪಣೆ ತನ್ನಿ."

"ನಾನು ಯಾರು ಗೊತ್ತೇನಮ್ಮ ನಿಮಗೆ?"

"ಗೊತ್ತು ಸರ್. ಎಫ್‌ಐಆರ್‌ನಲ್ಲಿ ದೂರುದಾರರ ಕಡೆಯವರು. ನಾಳೆ ಹೇಳಿಕೆ ಕೊಡೋಕೆ ಬನ್ನಿ. ಒಂದೇ ಟೀ, ಎರಡು ಊರು, ಇದು ಹೆಂಗೆ ಅಂತಾನೂ ಬರ್ಕೋಬೇಕು."

ಫೋನು ತಣ್ಣಗಾಯಿತು. ಬಸವಣ್ಣೆಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಆದರೆ ಅವಳ ಕಿವಿ ಮೊರದಗಲ ಆಗಿತ್ತು.

ಆ ಸಂಜೆಯೇ ದಿನೇಶ್ ಮುಚ್ಚಳಿಕೆಗೆ ಸಹಿ ಹಾಕಿದ. ಶಮೀಮ್ ನಳಿಕೆಯನ್ನು ಅಂಗುಲ ಅಂಗುಲ ಪರೀಕ್ಷಿಸಿ, ಔಷಧಿಯಲ್ಲಿ ಅದ್ದಿ, ಯಂತ್ರಕ್ಕೆ ಜೋಡಿಸಿದರು. ಅದರ ಕಣ್ಣಿಗೆ ಇನ್ನೂ ಕಾಣುತ್ತಿತ್ತು.

ಬುಧವಾರ ಮಧ್ಯಾಹ್ನ ಬಸವಣ್ಣೆಮ್ಮನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು ಯಾರೂ ಇನ್ನೂ ಕೇಳಿರಲಿಲ್ಲ, ಅವಳೇ "ಮಾಡೀನಿ, ತಪ್ಪಲ್ಲ," ಎಂದು ಎರಡು ಸಲ ಹೇಳಿ ವಕೀಲರಿಂದ ಗದರಿಸಿಕೊಂಡಳು. ಜಾಮೀನು ಸಿಕ್ಕಿತು. ಹೊರಗಿನ ಪಡಸಾಲೆಗೆ ಬರುವಷ್ಟರಲ್ಲಿ ಆಶಾರಾಣಿಯ ಫೋನು ಹೊಡೆದುಕೊಂಡಿತು. ಶಮೀಮ್. ಆಶಾರಾಣಿ ಕೇಳಿಸಿಕೊಂಡು, ಮುದುಕಿಯ ಪಕ್ಕ ಬೆಂಚಿನಲ್ಲಿ ಕೂತರು.

"ಹೊಲಿದ ಮೇಲೆ ಹೃದಯ ಬಡಿಯೋಕೆ ಬಿಟ್ಟು ನೋಡಿದ್ರಂತೆ ಅಜ್ಜಿ. ಒಂದು ಮೂಲೆಯಲ್ಲಿ ಇನ್ನೂ ಸೋರ್ತಿತ್ತಂತೆ."

ಮುದುಕಿಯ ಕೈ ಕರಡಿಗೆಯನ್ನು ಹಿಡಿಯಿತು.

"ಹೃದಯ ಮತ್ತೆ ನಿಲ್ಲಿಸಿ ಅಲ್ಲೇ ಸರಿ ಮಾಡಿದ್ರು. ಇನ್ನೊಮ್ಮೆ ನೋಡಿದ್ರು. ಈಗ ಹನಿ ಕೂಡ ಸೋರ್ತಿಲ್ಲವಂತೆ. ಆಮೇಲೇ ಎದೆ ಮುಚ್ಚಿದ್ದು."

ಬಸವಣ್ಣೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಈ ಕೇಸು ಎಷ್ಟು ದಿನ ನಡೀತೈತೆ ತಾಯಿ?"

"ವರ್ಷಗಟ್ಟಲೆ ಅಜ್ಜಿ. ನಮ್ಮ ಕೋರ್ಟು ಗೊತ್ತಲ್ಲ."

"ನಡೀಲಿ ಬಿಡು. ಅಲ್ಲೀತನಕ ಅದು ಊರು ಬಿಡಂಗಿಲ್ಲಲ್ಲ. ನನ್ನ ಕಡಿಂದ ಒಂದು ವಾಯಿದೆನೂ ತಪ್ಪಲ್ಲ ನೋಡು, ರೊಟ್ಟಿ ಕಟ್ಕಂಡು ಬರ್ತೀನಿ." ಎದ್ದು ನಿಂತವಳು ತಿರುಗಿದಳು. "ಆ ಧೋತ್ರ ಕೊಡ್ತೀರಾ?"

"ಯಾರದು?"

"ಯಜಮಾನ್ರದು. ಬಕ್ಕೇಶಪ್ಪ ಅಂತ. ಅವರದೂ ಇದೇ ರೋಗ, ಬ್ಯಾರೆ ಊರಾಗ ತೋರಿಸಿದ್ವಿ. ಎದಿ ಹೊಲಿದು ವಾರ್ಡಿಗೆ ತಂದ್ ಮ್ಯಾಲೆ ಸೋರೋದು ಗೊತ್ತಾತು. ಮತ್ತೆ ಬಿಚ್ಚಿದ್ರು. ಆಮೇಲೆ ಹೊಲಿಯೋ ಕೆಲಸ ಬೀಳ್ಲಿಲ್ಲ." ಅವಳು ಕನ್ನಡಕ ಸರಿಮಾಡಿಕೊಂಡಳು. "ಆ ಆಸ್ಪತ್ರಿಯಾಗೂ ಒಂದು ಟೀ ಇತ್ತಂತೆ. ಅವತ್ತು ಯಾವುದೋ ಬ್ಯಾರೆ ಊರಿಗೆ ಹೋಗಿತ್ತಂತೆ."

ಆಶಾರಾಣಿ ಎದ್ದು ನಿಂತರು. "ಧೋತ್ರನೂ ಪಂಚನಾಮೆಯಲ್ಲಿ ಬರೆದಾಗಿದೆ ಅಜ್ಜಿ. ಅದೂ ಮುದ್ದೆಮಾಲು. ಕೇಸು ಮುಗಿಯೋ ತನಕ ಕೊಡೋ ಹಂಗಿಲ್ಲ."

"ಇರ್ಲಿ ಬಿಡು," ಎಂದಳು ಬಸವಣ್ಣೆಮ್ಮ. "ಅವರೂ ಒಂದೀಟು ಕಾವಲಿರ್ಲಿ."