ಅಂಬಿಕಳ ಒಪ್ಪಿಗೆ

"ನನ್ನ ಹೆಸರಲ್ಲಿ ಈ ಆ್ಯಪ್‌ಗೆ ಓಕೆ ಕೊಟ್ಟಿದ್ದು ಯಾರು?"

ಅಂಬಿಕ ಲ್ಯಾಪ್‌ಟಾಪನ್ನು ಮುನೀಂದ್ರನ ಕಡೆ ತಿರುಗಿಸಿದಳು. ಚಾಂಪಿಯನ್ ರೀಫ್ಸ್ ಎಂಬ ಗಣಿಯೂರಿನಲ್ಲಿ ಅವರಿಬ್ಬರೂ ದುಡಿಯುವ ಪುಟ್ಟ ಕಂಪನಿ ಹಾಲಿನ ಡೇರಿಗಳಿಗೆ ಆ್ಯಪ್ ಮಾಡುತ್ತದೆ. ರೈತರ ಹೆಬ್ಬೆಟ್ಟು ಪಡೆಯುವ ಮುಂಚೆ ಕಾನೂನು ಏನು ಕೇಳುತ್ತದೆಂದು ಓದಿ ಹೇಳುವುದು ಅಂಬಿಕಳ ಕೆಲಸ. ಕೋಡ್ ಬರೆಯುವುದು ಮುನೀಂದ್ರನದು. ಪ್ರೀತಿ ಇಬ್ಬರದೂ. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲವೆಂದು ಪಾಪ, ಇಬ್ಬರೇ ನಂಬಿದ್ದರು.

"ನಾನೇ," ಎಂದು ಅವನು ಕಣ್ಣಂಚಲ್ಲಿ ನಕ್ಕ. "ರೂಲು ನಾನೂ ಓದಿದೀನಿ. ಹೆಬ್ಬೆಟ್ಟು ಒತ್ತಿದ್ರೆ ಒಪ್ಪಿದಂಗೇ ಅಲ್ವಾ?"

ಬೇರೆ ದಿನವಾಗಿದ್ದರೆ ಆ ನಗುವಿಗೆ ಅವಳು ಕರಗುತ್ತಿದ್ದಳು.

"ಒತ್ತದಿದ್ರೆ ಡೇರಿಯವ್ರು ಹಾಲೇ ತಗೊಳಲ್ಲ ಅಂದ್ರೆ ಅದು ಒಪ್ಪಿಗೆ ಹೆಂಗಾಗತ್ತೆ? ನೀನು ಓಕೆನಾ ಅಂತ ಕೇಳ್ದಾಗ ಅದನ್ನೇ ಯೋಚಿಸ್ತಾ ಸುಮ್ಮನಿದ್ದೆ."

"ಮೌನಂ ಸಮ್ಮತಿ ಲಕ್ಷಣಂ, ಕಣಮ್ಮ."

ಅವಳಿಗೆ ತಟ್ಟನೆ ಏನೋ ಹೊಳೆಯಿತು. ಬೆಳಿಗ್ಗೆ ಅವನ ತಾಯಿ ಗಂಗರತ್ನಮ್ಮ ಇವಳ ಮನೆಗೆ ಫೋನ್ ಮಾಡಿದ್ದರು: "ಹುಡುಗಿ ಒಪ್ಕೊಂಡವ್ಳಂತಲ್ಲ, ಶುಕ್ರವಾರ ಹೂ ಮುಡಿಸೋಕೆ ಬತ್ತೀವಿ." ನಿನ್ನೆ ಸಂಜೆ ರೈಲಿನಲ್ಲಿ ಅವನು ಮದುವೆಯ ಮಾತೆತ್ತಿದಾಗ ಅಂಬಿಕ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು, ಅಷ್ಟೇ.

"ಮನೇಲೂ ಹಂಗೇ ಹೇಳ್ಬಿಟ್ಯಾ ಮುನಿ?"

ಅವನ ನಗು ಆರಿತು. "ನಿನ್ನ ಮನಸ್ಸು ನಂಗೆ ಗೊತ್ತಿಲ್ವಾ?"

"ಗೊತ್ತಿದ್ರೂ ಕೇಳ್ಬೇಕಾಗಿತ್ತು."

ಅವನೆಂದರೆ ಅವಳಿಗೆ ಪ್ರಾಣ. ಭಯವೂ ಅದಕ್ಕೇ. ಇವನನ್ನು ಕಟ್ಟಿಕೊಂಡರೆ ಜೀವನವಿಡೀ ತನ್ನ ಹೂಂ ಅನ್ನು ಇವನೇ ಹೇಳುತ್ತಾನೇನೋ! ಅವಳು ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟಳು.

ಬಂಗಾರಪೇಟೆಯ ರೈಲು ಹೊರಡುವ ಹೊತ್ತಿಗೆ ಮುನೀಂದ್ರ ಏದುಸಿರು ಬಿಡುತ್ತಾ ಅವಳಿದ್ದ ಬೋಗಿಯ ಬಾಗಿಲಲ್ಲಿ ಕಾಣಿಸಿಕೊಂಡ.

"ಆಫೀಸಲ್ಲಿ ಸುಬ್ರಮಣಿ ಸಾರ್‌ಗೆ ನಿಜ ಹೇಳ್ದೆ. ಚೆನ್ನಾಗಿ ಉಗಿದ್ರು. ಆ್ಯಪ್ ನಿಲ್ಸಿದೀವಿ, ರೂಲಿಗೆ ನೀನು ಹೇಳಿದ್ದೇ ಅರ್ಥ ಅಂದ್ರು. ಅಮ್ಮಂಗೂ ಶುಕ್ರವಾರ ಬೇಡ ಅಂದೆ." ಅವನ ದನಿ ಇಳಿಯಿತು. "ಅಂಬಿಕ, ನನ್ನ ಮದುವೆ ಆಗ್ತೀಯಾ?"

ಅವಳ ಕಣ್ಣು ತುಂಬಿತು. ನೋವು ಇನ್ನೂ ಹಸಿಯಾಗಿತ್ತು. ಅವಳು ಮುಖ ತಿರುಗಿಸಿ, ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ದಿನಾ ಅವನು ಕೇಳದೆ ಬಂದು ಕೂರುತ್ತಿದ್ದ ಜಾಗ ಅದು. ಮುನೀಂದ್ರ ಕೂರಲಿಲ್ಲ. ರೈಲು ಅಲುಗಿದರೂ ಕಂಬಿ ಹಿಡಿದು ನಿಂತೇ ಇದ್ದ.

"ಇಲ್ಲಿ ಕೂರ್ಲಾ?"

ಅವಳು ತಿರುಗಿ ಅವನನ್ನು ನೋಡಿದಳು.

"ಕೂತ್ಕೋ," ಎಂದಳು. "ಸದ್ಯಕ್ಕೆ ಇಷ್ಟಕ್ಕೆ ಮಾತ್ರ ಒಪ್ಪಿದೀನಿ."