ಸಾರುವೆ ಹತ್ತಿದ ಸದ್ದು

ಇಪ್ಪತ್ತು ವರ್ಷದಿಂದ ಪೇಂಟಿಂಗ್ ಕೆಲಸ ಮಾಡ್ತಿದೀನಿ, ಎತ್ತರಕ್ಕೆ ಹೆದರಿದವನಲ್ಲ. ಹೋದ ವರ್ಷ ಜಯನಗರದಲ್ಲಿ ಒಂದು ಸೀರೆ ಅಂಗಡಿಯ ಸೀಲಿಂಗಿಗೆ ಬಣ್ಣ ಹೊಡೆಯೋದಿತ್ತು. ಬೆಳಿಗ್ಗೆ ಹತ್ತು ಗಂಟೆ. ಕಬ್ಬಿಣದ ಪೈಪುಗಳನ್ನು ಜೋಡಿಸಿದ ಚಕ್ರದ ಸಾರುವೆಯ ತುದಿಯಲ್ಲಿ, ಇಪ್ಪತ್ತೈದು ಅಡಿ ಎತ್ತರದ ಹಲಗೆಯ ಮೇಲೆ ನಾನೊಬ್ಬನೇ ಇದ್ದೆ.

"ಚಕ್ರದ ಲಾಕ್ ಹಾಕಿದೀನಿ ಕಣೋ, ಟೀ ತರ್ತೀನಿ," ಅಂತ ಕೆಳಗಿನಿಂದ ಕೂಗಿ ನನ್ನ ಜೊತೆಗಾರ ಗಂಗಾಧರಯ್ಯನವರು ಶಟರ್ ಎಳೆದುಕೊಂಡು ಹೋದರು.

ಸ್ವಲ್ಪ ಹೊತ್ತಿಗೆ ಸಾರುವೆಯ ಏಣಿಯಲ್ಲಿ ಯಾರೋ ಹತ್ತುವ ಸದ್ದು. ಠಣ್, ಠಣ್. ಒಂದೊಂದು ಹೆಜ್ಜೆಗೂ ಸಾರುವೆ ಅಲುಗುತ್ತಿತ್ತು. ಬಗ್ಗಿ ನೋಡಿದರೆ ಏಣಿ ಖಾಲಿ. ಕೈಯಲ್ಲಿ ಹಿಡಿದಿದ್ದ ಪೈಪು ಕೊರೆಯುವಷ್ಟು ತಣ್ಣಗಾಯಿತು.

"ಯಾರ್ರೀ ಅದು?" ಅಂದೆ.

ಸದ್ದು ನನ್ನ ಹಲಗೆಯವರೆಗೂ ಬಂದು ನಿಂತಿತು. ಯಾರೋ ಪಕ್ಕದಲ್ಲಿ ಕಾಲಿಟ್ಟಂತೆ ಹಲಗೆ ಬಗ್ಗಿತು. ಕಿವಿಯ ಹತ್ತಿರವೇ ಏದುಸಿರು. ನಾನು ಕಣ್ಣು ಮುಚ್ಚಿ ಪೈಪು ತಬ್ಬಿಕೊಂಡೆ.

ಎಷ್ಟು ಹೊತ್ತಾಯಿತೋ, ಶಟರ್ ಎದ್ದಿತು.

"ಯಾಕೋ ಹಂಗೆ ಕೂತಿದೀಯ? ನಿಧಾನಕ್ಕೆ ಇಳಿ," ಎಂದು ಗಂಗಾಧರಯ್ಯನವರು ಏಣಿ ಹಿಡಿದುಕೊಂಡರು.

ಇಳಿದೆ. ಅವರು ನನ್ನನ್ನು ನೋಡಲಿಲ್ಲ, ಮೇಲೆ ನೋಡುತ್ತಿದ್ದರು.

"ಆ ಮೂಲೆಗೆ ಯಾವಾಗ ಹೊಡೆದೆ?"

ಎದುರು ಮೂಲೆಯ ಸೀಲಿಂಗು ಹಸಿ ಬಣ್ಣದಲ್ಲಿ ಮಿನುಗುತ್ತಾ ತೊಟ್ಟಿಕ್ಕುತ್ತಿತ್ತು. ಸಾರುವೆಯಿಂದ ಅಲ್ಲಿಗೆ ಮೂವತ್ತು ಅಡಿ. ಆ ಕಡೆಗೆ ನಾವು ಸಾರುವೆಯನ್ನು ಇನ್ನೂ ತಳ್ಳಿರಲೇ ಇಲ್ಲ.